ವಿರೋಧ: ಇಲ್ಲ

ಠರಾವು ನಂಬರ ಏಳು.
ಅಕ್ಷರ ನನ್ನವು.
ನೀಲಿ ಶಾಯಿ, ತುಸು ಎಡಕ್ಕ ವಾಲಿದ್ದು.
ಗುಳೇದಗುಡ್ಡದ ನೇಕಾರ ಸಂಘದಾಗ
ಇಪ್ಪತ್ತೆರಡು ವರ್ಷ ಇದ ಕೈಲೆ ಬರದೀನಿ.

ಮೊದಲಿನ ಅಧ್ಯಕ್ಷ ವೀರಭದ್ರಪ್ಪ.
ಮಗಳ ಮದುವಿಗೆ ಮುಂಗಡ ಕೇಳಿದ್ರ 'ಇಲ್ಲಪ್ಪ',
ಹಬ್ಬಕ್ಕ ಬೋನಸ್ ಅಂದ್ರ 'ಇಲ್ಲಪ್ಪ'.
ಅವನ ಹೆಸರ ಇಲ್ಲಪ್ಪ ಆಗಿ ಹೋಗಿತ್ತು.
ಹುಡುಗೂರು ಅವನ ಸೈಕಲ್ಲಿನ ಗಾಳಿ ಬಿಡತಿದ್ರು.
ಕಪಾಟಿನಾಗ ಮಾತ್ರ ಆಪದ್ಧನ ಅಂತ ಒಂದು ವಹಿ ಇತ್ತು,
ಅವನ ಕೈಬೆವರು ಹತ್ತಿ
ಅದರ ಬೆನ್ನು ಕರ್ರಗಾಗಿತ್ತು.

ಆಮ್ಯಾಲೆ ಹುಚ್ಚೇಶ ರಂಜಣಗಿ ಬಂದಾ.
ಏನು ಕೇಳಿದ್ರೂ 'ಆತು'.
ಮಗ್ಗಕ್ಕ ಐದ ಸಾವಿರ? ಆತು.
ಹಳೇ ಬಾಕಿ ಮನ್ನಾ? ಆತು.
ಮನಿಗೊಂದು ಸ್ಟೀಲ್ ಕೊಡ, ಇದನ್ನ ಯಾರೂ ಕೇಳಿರಲಿಲ್ಲ,
ಅದೂ ಆತು. ಕೊಡದ ಕಂಠಕ್ಕ ಅವನ ಹೆಸರು ಕೊರೆಸಿದ್ದು.
ಸಿಳ್ಳಿ ಹೊಡದ್ರು. ನಾನೂ ಹೊಡದೆ,
ಎರಡು ಬೆರಳು ಬಾಯಾಗ ಇಟ್ಟು, ಈ ವಯಸ್ಸಿನಾಗ.

ರೊಕ್ಕ ಎಲ್ಲಿಂದ ಬರತೈತಿ ಅಂತ ಕೇಳಿದಾಕಿ ಒಬ್ಬಾಕಿ,
ಮೂಲಿಮನಿ ಸಾಂವಕ್ಕ.
'ಕುಂಡ್ರಬೇ' ಅಂದ್ರು ನಾಕ ಮಂದಿ.
ಹುಚ್ಚೇಶ ನಕ್ಕಾ.
'ಅವ್ವಾ, ರೊಕ್ಕ ನಮ್ಮದ ಐತಿ. ಕದ್ದಾವರು ಬ್ಯಾರೆ.'
ಬೆರಳು ಬಣ್ಣದ ಓಣಿ ಕಡೆ ಹೋತು.

ಬಣ್ಣದ ಓಣಿ ಅಂದ್ರ ಮೌಲಾಸಾಬ.
ಅವನ ಅಜ್ಜ ಕುದಿಸಿದ ಕೆಂಪಿನಾಗ
ನಮ್ಮ ಆಯಿಗೋಳು ಕುಬಸ ಹೊಲಿಸಿಕೊಂಡಿದ್ರು.
ಮೂರು ತಲೆಮಾರು ಆ ಮನಿ ಗಂಡಸರದು
ಮೊಣಕೈ ತನಕ ಕೆಂಪು.
ಅವತ್ತು ಆ ಕೆಂಪಿಗೆ 'ನಮ್ಮ ರಗತ' ಅಂದಾ ಹುಚ್ಚೇಶ,
ಹೀರ್ಯಾರ ಅಂದಾ.
ಗುತ್ತಿಗಿ ರದ್ದು? ಆತು.
ಕೈ ಎತ್ತಿದ್ರು.
ಎತ್ತದ ಕೈ ಎಣಸೂ ಪದ್ಧತಿ ನಮ್ಮಲ್ಲಿಲ್ಲ.
ನಾ ಬರದೆ: ಸರ್ವಾನುಮತ.

ಮಳಿಗಾಲಕ್ಕ ಪುಣೆದಿಂದ ಖಣದ ಗಂಟು ತಿರುಗಿ ಬಂದ್ವು.
ಹೊಸ ಪುಡಿಬಣ್ಣ ಬೆವರಿಗೆ ನಿಂತಿರಲಿಲ್ಲ.
ಯಾವದೋ ಊರಾಗ ಯಾವದೋ ಮದುಮಗಳ ಕಂಕುಳು ಕೆಂಪಾಗಿ
ಮಂದಿ ಡಾಕ್ಟರನ್ನ ಕರದಿದ್ರಂತ.
ರೇಶ್ಮಿ ತರಾಕ ಕಪಾಟ ತಗದ್ರ
ವಹಿ ಇತ್ತು, ಬೆನ್ನೂ ಹಂಗ ಕರ್ರಗಿತ್ತು.
ಒಳಗ ನನ್ನ ಅಕ್ಷರ:
ಖರ್ಚು, ಖರ್ಚು, ಕೊಡ, ಶಾಲು, ಪೆಂಡಾಲು, ಖರ್ಚು.

ಕಡೀ ಸಭಾಕ್ಕ ಮೈಕು ಇರಲಿಲ್ಲ,
ಬಾಕಿ ಬಂದಿಲ್ಲಂತ ಪೆಂಡಾಲಿನಾಂವ ಒಯ್ದಿದ್ದ.
ಮೈಕಿಲ್ಲದ ಹುಚ್ಚೇಶನ ದನಿ ಇಷ್ಟು ಸಣ್ಣದೈತಿ ಅಂತ
ಆಗ ಗೊತ್ತಾತು.
'ನೀವು ಕೇಳಿದ್ರಿ, ನಾ ಕೊಟ್ಟೆ.
ಒಂದರ ಸಲ ಬ್ಯಾಡ ಅಂದ್ರೇನು?'
ನೂರಾ ಎಂಬತ್ತು ಮಂದಿ ನೆಲ ನೋಡಿದ್ರು.
ಅಂವ ಆಡಿದ್ದರಾಗ ಅದೊಂದ ಖರೇ ಇತ್ತು.
ಅದನ್ನೂ ನೆಪಾ ಮಾಡಿಕೊಂಡು
ಹಿಂದಿನ ಬಾಗಲಲೆ ಹೋದಾ.

ಈಗ ಓಣ್ಯಾಗ ಮಗ್ಗದ ಸಪ್ಪಳ ಎಣಿಸಬಹುದು.
ಸಾಂವಕ್ಕ ಕುಣಿಯೊಳಗ ಕಾಲು ಇಳಿಬಿಟ್ಟು ಸುಮ್ನ ಕುಂತಿರತಾಳ,
ಮಗ್ಗುಲಾಗ ಕೊಡ, ಹೆಸರು ಗ್ವಾಡಿ ಕಡೆ ಮಾಡಿ ಇಟ್ಟಿದ್ದು.

ನಾ ಠರಾವಿನ ಪುಸ್ತಕ ಹಿಂದ ಹಿಂದಕ್ಕ ತಿರುವಿದೆ.
ಪ್ರತಿ ಪುಟದ ತಳಕ್ಕ ಒಂದ ಸಾಲು:
ವಿರೋಧ: ಇಲ್ಲ.
ವೀರಭದ್ರಪ್ಪ ಹೋದ ಮ್ಯಾಲ
ಸಂಘದಾಗ ಉಳಿದಿದ್ದ 'ಇಲ್ಲ' ಅದೊಂದ.
ಅದನ್ನ ನಾ ಬರದಿಡತಿದ್ದೆ,
ಸಭಾ ಸುರು ಆಗೂಕಿಂತ ಮೊದಲ,
ಆಮ್ಯಾಲೆ ಹೊತ್ತಾಗತೈತಿ ಅಂತ.

ಸಂಜಿಮುಂದ ಬಣ್ಣದ ಓಣಿಗೆ ಹೋದೆ.
ಮೌಲಾಸಾಬ ಹಿಟ್ಟಿನ ಗಿರಣಿ ಕೆಲಸ ಮುಗಿಸಿ ಬಂದಿದ್ದ,
ಮೊಣಕೈ ತನಕ ಬೆಳ್ಳಗ.
ಕಟ್ಟಿ ಮ್ಯಾಲ ಕುಂಡ್ರಿಸಿದಾ, ಚಾ ಕುಡಿಸಿದಾ.
'ಮತ್ತ ಕಡಾಯಿ ಹಚ್ಚತೀಯೇನು' ಅಂದೆ.
ಕೈ ಝಾಡಿಸಿಕೊಂಡಾ.
ಸಿಟ್ಟಿಲ್ಲದ, ಭಾಳ ಸಮಾಧಾನಲೆ ಅಂದಾ:
'ಇಲ್ಲಪ್ಪ.'